ಹಗಲಿನ ಬಿಸಿಲು, ಸಂಜೆಯ ನೀರು: ಬದಲಾಗುತ್ತಿರುವ ವಿದ್ಯುಚ್ಛಕ್ತಿ ಮತ್ತು ನಮ್ಮ ತೋಟ

ಬಿಳಗಿ ಸೀಮೆಯ ತೋಟಿಗರಿಗೆ ವಿದ್ಯುಚ್ಛಕ್ತಿಯ ಹುಟ್ಟು ದೂರದ ಸಂಗತಿಯಲ್ಲ. ನಮ್ಮ ಸಿದ್ದಾಪುರ ತಾಲೂಕಿನ ಗಡಿಯಲ್ಲೇ ಇರುವ ಜೋಗದಲ್ಲಿ 1948ರಲ್ಲಿ ಉತ್ಪಾದನೆ ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ತರುವಾಯ ಶರಾವತಿ ಕೇಂದ್ರವು ಹಂತಹಂತವಾಗಿ 1,035 ಮೆಗಾವ್ಯಾಟಿಗೆ ಬೆಳೆಯಿತು. ನಮ್ಮ ಜಿಲ್ಲೆಯ ಕೈಗಾದಲ್ಲಿ 880 ಮೆಗಾವ್ಯಾಟಿನ ಅಣು ಘಟಕಗಳಿವೆ. ಆದರೂ ಬೇಸಿಗೆಯಲ್ಲಿ ತೋಟಕ್ಕೆ ನೀರು ಬೇಕಾದಾಗ ಮೂರು ಫೇಸು ಇಲ್ಲ, ಫೇಸು ಇದ್ದರೆ ವೋಲ್ಟೇಜು ಇಲ್ಲ ಎಂಬ ಮಾತು ನಮ್ಮಲ್ಲಿ ತಪ್ಪಿಲ್ಲ.

ಲೆಕ್ಕ ತಿರುಗಿದೆ

ಹಿಂದೆ ಹಗಲು ಕಾರ್ಖಾನೆಗಳ ಬೇಡಿಕೆ ಹೆಚ್ಚು. ಆದುದರಿಂದ ಪಂಪುಸೆಟ್ಟುಗಳಿಗೆ ಎಷ್ಟೋ ಕಡೆ ರಾತ್ರಿಯೇ ವಿದ್ಯುತ್ ಸಿಗುತ್ತಿತ್ತು. ಕತ್ತಲಲ್ಲಿ ಹಾವು ಹುಳುವಿನ ಭಯದ ನಡುವೆ ತೋಟಕ್ಕೆ ಇಳಿಯುವ ಕಷ್ಟ ಎಲ್ಲರಿಗೂ ಗೊತ್ತಿದ್ದದ್ದೇ. ಈಗ ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕು ಒಂದರದ್ದೇ ಸಾಮರ್ಥ್ಯ 2,050 ಮೆಗಾವ್ಯಾಟು. ಬಿಸಿಲಿರುವಾಗ ವಿದ್ಯುತ್ ಧಾರಾಳ. ಕೊರತೆ ಬೀಳುವುದು ಸೂರ್ಯ ಮುಳುಗಿ ಮನೆಮನೆಯಲ್ಲಿ ದೀಪ ಹತ್ತುವ ಹೊತ್ತಿಗೆ. ಕಲ್ಲಿದ್ದಲಿನ ಘಟಕವನ್ನು ಬೇಕೆಂದಾಗ ಬೇಗನೆ ಏರಿಸಿ ಇಳಿಸಲು ಬರುವುದಿಲ್ಲ. ಜಲವಿದ್ಯುತ್ ಕೇಂದ್ರವನ್ನು ಕೆಲವೇ ನಿಮಿಷಗಳಲ್ಲಿ ಚಾಲೂ ಮಾಡಬಹುದು. ಹಗಲು ಬಿಸಿಲನ್ನು ಬಳಸಿ ನೀರು ಉಳಿಸುವುದು, ಸಂಜೆ ಆ ನೀರನ್ನು ಬಿಡುವುದು. ಹೊಸ ವಿದ್ಯುತ್ ಜಾಲದ ಮರ್ಮ ಇಷ್ಟೇ.

ನಮಗೂ ಸಂಬಂಧ ಉಂಟು

ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿರುವುದು ಈ ಕಾರಣಕ್ಕೇ. ಕೆಳಗಿನ ನೀರನ್ನು ಹಗಲು ಮೇಲಕ್ಕೆತ್ತಿ, ಸಂಜೆ ಇಳಿಸಿ ವಿದ್ಯುತ್ ಪಡೆಯುವ ಏರ್ಪಾಟು ಅದು. ಇಂಥ ಏರ್ಪಾಟಿನಲ್ಲಿ ನಾಲ್ಕು ಯುನಿಟು ಖರ್ಚು ಮಾಡಿದರೆ ಹಿಂದಕ್ಕೆ ಸಿಗುವುದು ಸುಮಾರು ಮೂರು. ಸಿಂಗಳೀಕದ ಅಭಯಾರಣ್ಯದ ಕಾಡಿಗೆ ಪೆಟ್ಟು ಬೀಳುತ್ತದೆಂಬ ಬಲವಾದ ಆಕ್ಷೇಪವೂ ಇದೆ. ಸಂಜೆಯ ಬಳಕೆಯನ್ನು ನಾವು ಎಷ್ಟು ಹಗಲಿಗೆ ಸರಿಸುತ್ತೇವೋ, ಇಂಥ ಯೋಜನೆಗಳ ಅಗತ್ಯ ಅಷ್ಟು ಕಡಿಮೆಯಾದೀತು. ತೋಟಿಗನ ಅನುಕೂಲ, ಜಾಲದ ಅನುಕೂಲ, ಕಾಡಿನ ಅನುಕೂಲ ಮೂರೂ ಇಲ್ಲಿ ಒಂದೇ ದಾರಿಯಲ್ಲಿವೆ.

ಸದಸ್ಯರು ಗಮನಿಸಬೇಕಾದ್ದು

1. ಹಗಲು ಮೂರು ಫೇಸು ಇರುವಾಗಲೇ ನೀರು ಹಾಯಿಸಿರಿ. ಕೊನೆಕೊಯ್ಲಿನ ಕಾಲದಲ್ಲಿ ಸುಲಿಯುವ ಯಂತ್ರವನ್ನೂ ಸಾಧ್ಯವಾದಷ್ಟು ಹಗಲಿನಲ್ಲೇ ಓಡಿಸಿರಿ.

2. ವೋಲ್ಟೇಜು ಇಳಿದಾಗ ಮೋಟಾರು ಹೆಚ್ಚು ಕರೆಂಟು ಎಳೆದು ಸುಡುತ್ತದೆ. ತಕ್ಕ ಅಳತೆಯ ಕೆಪಾಸಿಟರ್ ಕೂಡಿಸಿರಿ. 3 ಅಶ್ವಶಕ್ತಿ ಸಾಕಾಗುವಲ್ಲಿ 5ರ ಪಂಪು ಬೇಡ.

3. 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಲ್ಲಿ ಪಂಪುಸೆಟ್ಟುಗಳ ಫೀಡರಿಗೆ ಸೌರ ಘಟಕದಿಂದ ಹಗಲು ವಿದ್ಯುತ್ ಕೊಡಲು ಅವಕಾಶವಿದೆ. ಒಬ್ಬೊಬ್ಬರೇ ಅಲೆಯುವುದಕ್ಕಿಂತ ಒಂದೇ ಫೀಡರಿನವರು ಕೂಡಿ ಹೆಸ್ಕಾಂಗೆ ಬೇಡಿಕೆ ಸಲ್ಲಿಸುವುದು ಮೇಲು. ಆದರೆ ಸೊಪ್ಪಿನ ಬೆಟ್ಟದ ಮರ ಕಡಿದು ಫಲಕ ಹಾಕುವುದು ಸರ್ವಥಾ ಬೇಡ.

4. ಮನೆಯ ಮಾಡಿನ ಮೇಲಿನ ಸೌರ ಫಲಕಕ್ಕೆ 2024ರ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000 ರೂಪಾಯಿ, 3 ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ ಗೊತ್ತುಪಡಿಸಲಾಗಿದೆ. ನಮ್ಮ ಮಳೆಗಾಲದಲ್ಲಿ ಉತ್ಪಾದನೆ ತೀರಾ ಇಳಿಯುವುದೆಂಬುದನ್ನೂ, ಮರದ ನೆರಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಬ್ಯಾಟರಿ ಇಲ್ಲದ ಫಲಕವು ಲೈನಿನ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ನ ಜೀವರಕ್ಷಣೆಗಾಗಿ ಇರುವ ನಿಯಮವದು.

ಬೇಡಿಕೆ ಸಲ್ಲಿಸುವಾಗ ಬಾಯಿಮಾತಿಗಿಂತ ಬರೆದಿಟ್ಟ ಲೆಕ್ಕಕ್ಕೆ ತೂಕ ಹೆಚ್ಚು. ಪ್ರತಿಯೊಬ್ಬ ಸದಸ್ಯರೂ ತಮ್ಮ ಫೀಡರಿನ ಹೆಸರು, ಮೂರು ಫೇಸು ಬಂದ ಮತ್ತು ಹೋದ ಸಮಯ, ಆಗಿನ ವೋಲ್ಟೇಜು ಇವಿಷ್ಟನ್ನು ಒಂದು ತಿಂಗಳು ನೋಟುಬುಕ್ಕಿನಲ್ಲಿ ಬರೆದು, ಮುಂದಿನ ಸಭೆಗೆ ತರಬೇಕಾಗಿ ವಿನಂತಿ.