ಮನೆಯೊಳಗೆ ತಂಬಾಕಿನ ಹೊಗೆ: ಗಾಳಿ ಶುದ್ಧಿ ಮಾಡುವ ಯಂತ್ರ ಎಷ್ಟು ನೆರವಾದೀತು?

ಕಳೆದ ಆಷಾಢದಲ್ಲಿ ಈ ಅಂಕಣಕ್ಕೆ ಒಂದು ಪತ್ರ ಬಂತು. ಬರೆದಾಕೆ ನಮ್ಮ ಧರ್ಮಕೇಂದ್ರದ ರೈತ ಕುಟುಂಬದ ಮಗಳು. ಮದುವೆಯಾಗಿ ಹೋದದ್ದು ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಗೆ, ದ್ರಾಕ್ಷಿ ಬೆಳೆಯುವ ಮನೆಗೆ. ಪತ್ರದ ಸಾರಾಂಶ ಇಷ್ಟು: "ನಮ್ಮ ಮಾವನವರಿಗೆ ಎಪ್ಪತ್ತು ದಾಟಿದೆ. ಚಿಕ್ಕಂದಿನಿಂದ ಚುಟ್ಟಾ ಸೇದುವ ಅಭ್ಯಾಸ. ಬೇರೆ ದಿನಗಳಲ್ಲಿ ಜಗುಲಿಯ ಮೇಲೆ ಕೂತು ಸೇದುತ್ತಾರೆ; ಗಾಳಿಕಾಲ ಬಂದರೆ ಒಳಗೆ ಮುಂದಿನ ಕೋಣೆಗೆ ಬರುತ್ತಾರೆ. ನನ್ನ ಎರಡು ವರ್ಷದ ಮಗನಿಗೆ ಆ ತಿಂಗಳುಗಳಲ್ಲೇ ಉಬ್ಬಸ ಹೆಚ್ಚು. ಹೊರಗೆ ಹೋಗಿ ಸೇದಿ ಎಂದು ಮಾವನವರಿಗೆ ಹೇಳುವ ಧೈರ್ಯ ನನಗಿಲ್ಲ, ನಮ್ಮ ಯಜಮಾನರಿಗೂ ಇಲ್ಲ. ದ್ರಾಕ್ಷಿ ಮಾರಿದ ದುಡ್ಡು ಕೈಗೆ ಬಂದಿದೆ. ಗಾಳಿ ಶುದ್ಧಿ ಮಾಡುವ ಯಂತ್ರ ಕೊಳ್ಳೋಣವೆಂದಿದ್ದೇವೆ. ಯಾವುದನ್ನು ಕೊಳ್ಳಬೇಕು? ನಾವೇ ಮಾಡಿಕೊಳ್ಳಲು ಬರುತ್ತದೆಯೇ?"

ಇದು ಒಂದು ಮನೆಯ ಪ್ರಶ್ನೆಯಲ್ಲ. 2016–17ರ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಶೇಕಡಾ 38.7 ಮಂದಿ ಮನೆಯಲ್ಲೇ ಬೇರೆಯವರ ತಂಬಾಕಿನ ಹೊಗೆ ಕುಡಿಯುತ್ತಿದ್ದರು. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡಾ 52.3 ಇತ್ತು. ಕಡಿಮೆಯಾಗಿದೆ, ನಿಜ, ಆದರೂ ಹತ್ತರಲ್ಲಿ ನಾಲ್ವರು ಎಂದರೆ ಸಣ್ಣ ಲೆಕ್ಕವಲ್ಲ. ಆದ್ದರಿಂದ ಆ ಪತ್ರಕ್ಕೆ ನಾವು ಕೊಟ್ಟ ಉತ್ತರವನ್ನು ಎಲ್ಲ ಓದುಗರಿಗಾಗಿ ಇಲ್ಲಿ ವಿವರಿಸುತ್ತಿದ್ದೇವೆ.

ಗಾಳಿಯ ನಾಡು, ಚುಟ್ಟಾದ ನಾಡು

ಕಂಬಂ ಕಣಿವೆಯನ್ನು ನೋಡದವರಿಗೆ ಎರಡು ಮಾತು. ಪಶ್ಚಿಮ ಘಟ್ಟದ ಸಾಲು ಅಲ್ಲಿ ಸ್ವಲ್ಪ ತಗ್ಗಿ ಕಣಿವೆಯ ಬಾಯಿ ತೆರೆದಿದೆ. ಮುಂಗಾರಿನ ತಿಂಗಳುಗಳಲ್ಲಿ ಆ ಬಾಯಿಯಿಂದ ನುಗ್ಗುವ ಗಾಳಿ ಎಷ್ಟು ಬಲವಾದದ್ದೆಂದರೆ, ಅದನ್ನೇ ನಂಬಿ ತೇನಿಯ ಸುತ್ತ ಸಾಲು ಸಾಲು ಗಾಳಿಯಂತ್ರಗಳನ್ನು ನಿಲ್ಲಿಸಿ ವಿದ್ಯುತ್ ತೆಗೆಯುತ್ತಾರೆ. ಹೊಲದ ಮಣ್ಣು ಹಾರಿ ಮನೆಗೆ ಬರುವುದರಿಂದ ಜನ ಕಿಟಕಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಹೊರಗೆ ಅಷ್ಟು ಗಾಳಿಯಿದ್ದರೂ ಒಳಗೆ ಹೊಗೆ ನಿಂತುಬಿಡುತ್ತದೆ.

ಪಕ್ಕದ ದಿಂಡಿಗಲ್ ಬ್ರಿಟಿಷರ ಕಾಲದಿಂದಲೂ ಹೊಗೆಸೊಪ್ಪಿಗೆ ಹೆಸರಾದ ಊರು. ಕೇಂದ್ರೀಯ ತಂಬಾಕು ಸಂಶೋಧನಾ ಸಂಸ್ಥೆ ಆ ಜಿಲ್ಲೆಯ ವೇದಸಂದೂರಿನಲ್ಲಿ ತನ್ನ ಕೇಂದ್ರವೊಂದನ್ನು ತೆರೆದದ್ದು ಆ ಭಾಗದ ಬೆಳೆಗಾರರಿಗಾಗಿಯೇ. ಆ ಎಲೆಯನ್ನು ಸುತ್ತಿ ಮಾಡಿದ್ದನ್ನು ಅವರು 'ಸುರುಟ್ಟು' ಎನ್ನುತ್ತಾರೆ, ನಾವು ಚುಟ್ಟಾ ಎನ್ನುತ್ತೇವೆ. ಅಂಥ ಸೀಮೆಯ ಹಿರಿಯರಿಗೆ ಚುಟ್ಟಾ ದುಶ್ಚಟವೆನಿಸದೆ ಊಟದ ನಂತರದ ಎಲೆ-ಅಡಿಕೆಯಷ್ಟೇ ಸಹಜವೆನಿಸಿದರೆ ಆಶ್ಚರ್ಯವಿಲ್ಲ. ಸೊಸೆಗೆ ಮಾತು ಬಾರದಿರುವುದೂ ಸಹಜವೇ.

ಹೊಗೆಯಲ್ಲಿ ಏನಿದೆ?

ಯಂತ್ರದ ವಿಚಾರಕ್ಕೆ ಮೊದಲು ಹೊಗೆಯನ್ನು ಅರಿಯಬೇಕು. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಸುಮಾರು 70 ಕ್ಯಾನ್ಸರ್ ತರುವಂಥವು. ಇವನ್ನು ನಮ್ಮ ಅನುಕೂಲಕ್ಕೆ ಎರಡು ಭಾಗ ಮಾಡಿಕೊಳ್ಳೋಣ. ಒಂದು, ಕಣ್ಣಿಗೆ ಹೊಗೆಯಾಗಿ ಕಾಣುವ ಅತಿ ಸೂಕ್ಷ್ಮ ಕಣಗಳು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಬರುವುದು ಒಂದು ಮೈಕ್ರಾನ್. ಹೊಗೆಯ ಕಣಗಳಲ್ಲಿ ಹೆಚ್ಚಿನವು ಅದಕ್ಕಿಂತಲೂ ಸಣ್ಣವು. ಎರಡು, ಕಣ್ಣಿಗೆ ಕಾಣದ ಅನಿಲಗಳು: ಕಾರ್ಬನ್ ಮೊನಾಕ್ಸೈಡ್, ಫಾರ್ಮಾಲ್ಡಿಹೈಡ್, ಬೆಂಜೀನ್ ಮುಂತಾದವು.

ಸೇದುವವರು ಬಾಯಿಂದ ಬಿಡುವುದಕ್ಕಿಂತ ಚುಟ್ಟಾದ ಉರಿಯುವ ತುದಿಯಿಂದ ಏಳುವ ಹೊಗೆಯೇ ಕೋಣೆಯಲ್ಲಿ ಹೆಚ್ಚು ಸೇರುತ್ತದೆ. ಚುಟ್ಟಾ ಸಿಗರೇಟಿಗಿಂತ ದಪ್ಪ, ಹೆಚ್ಚು ಹೊತ್ತು ಉರಿಯುವಂಥದ್ದು. ಅದರ ನಿಕೋಟಿನ್ ಗೋಡೆ, ಚಾಪೆ, ಕಂಬಳಿಗಳಿಗೆ ಅಂಟಿಕೊಂಡು ಆಮೇಲೂ ಸ್ವಲ್ಪ ಸ್ವಲ್ಪವಾಗಿ ಗಾಳಿಗೆ ಬರುತ್ತಿರುತ್ತದೆ. ನೆಲದ ಮೇಲೆ ತೆವಳಿ, ಕೈಯನ್ನು ಬಾಯಿಗಿಡುವ ಮಗುವಿಗೆ ಇದರಿಂದಲೂ ತೊಂದರೆ.

ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ?

ಏರ್ ಪ್ಯೂರಿಫೈಯರ್ ಎಂದರೆ ಒಂದು ಫ್ಯಾನು, ಅದರ ಮುಂದೆ ಸೋಸುವ ಪದರಗಳು, ಅಷ್ಟೇ. ಮುಖ್ಯ ಪದರ ಹೆಪಾ ಫಿಲ್ಟರ್. ಇದು 1940ರ ದಶಕದಲ್ಲಿ ಅಮೆರಿಕದ ಅಣುಬಾಂಬ್ ಯೋಜನೆಯಲ್ಲಿ ವಿಕಿರಣದ ಧೂಳನ್ನು ಹಿಡಿಯಲು ರೂಪುಗೊಂಡದ್ದು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 99.97ರಷ್ಟನ್ನು ಹಿಡಿಯುವುದಕ್ಕೇ ಹೆಪಾ ಎಂಬ ಹೆಸರು ಸಲ್ಲುತ್ತದೆ. ಆದ್ದರಿಂದ ಹೊಗೆಯ ಕಣಗಳ ಮಟ್ಟಿಗೆ ಒಳ್ಳೆಯ ಯಂತ್ರ ನಿಜಕ್ಕೂ ಕೆಲಸ ಮಾಡುತ್ತದೆ.

ಎರಡನೆಯ ಪದರ ಆಕ್ಟಿವೇಟೆಡ್ ಕಾರ್ಬನ್, ಅಂದರೆ ತೆಂಗಿನ ಚಿಪ್ಪಿನಂಥವನ್ನು ಸುಟ್ಟು ಇದ್ದಿಲು ಮಾಡಿ, ಬಲು ಬಿಸಿಯಲ್ಲಿ ಹಬೆ ಹಾಯಿಸಿ ಲೆಕ್ಕವಿಲ್ಲದಷ್ಟು ಸಣ್ಣ ರಂಧ್ರಗಳನ್ನು ತರಿಸಿದ ಇದ್ದಿಲು. ವಾಸನೆಯನ್ನೂ ಕೆಲವು ಆವಿಗಳನ್ನೂ ಇದು ಹೀರುತ್ತದೆ. ಒಲೆಯ ಇದ್ದಿಲು ಇದಕ್ಕೆ ಸಾಟಿಯಲ್ಲ. ಅನೇಕ ಯಂತ್ರಗಳಲ್ಲಿ ಇರುವುದು ಇದ್ದಿಲ ಪುಡಿ ಬಳಿದ ತೆಳು ಹಾಳೆ ಮಾತ್ರ. ಸೇದುವ ಕೋಣೆಯಲ್ಲಿ ಅದು ಬೇಗ ತುಂಬಿಹೋಗುತ್ತದೆ. ಕೊಳ್ಳುವಾಗ ಇದ್ದಿಲು ಎಷ್ಟು ತೂಕವಿದೆ ಎಂದು ಕೇಳಬೇಕು.

ಇನ್ನು ಮರೆಯಬಾರದ ಸಂಗತಿ: ಕಾರ್ಬನ್ ಮೊನಾಕ್ಸೈಡನ್ನು ಹೆಪಾ ಹಿಡಿಯುವುದಿಲ್ಲ, ಇದ್ದಿಲೂ ಹಿಡಿಯುವುದಿಲ್ಲ. ಕೋಣೆ ತಿಳಿಯಾಗಿ ಕಂಡೀತು, ವಾಸನೆಯೂ ತಗ್ಗೀತು; ಅನಿಲ ಉಳಿದೇ ಇರುತ್ತದೆ. ಹೊಗೆ ಕಾಣುತ್ತಿಲ್ಲವೆಂದು ನಂಬಿ ಕಿಟಕಿ ಮುಚ್ಚಿ ಮಗುವನ್ನು ಅಲ್ಲೇ ಮಲಗಿಸಿದರೆ ಯಂತ್ರ ಬರುವುದಕ್ಕಿಂತ ಮೊದಲೇ ಚೆನ್ನಾಗಿತ್ತು ಎನ್ನಬೇಕಾದೀತು.

'ಅಯಾನ್' ಅಥವಾ 'ಓಜೋನ್' ಬಿಟ್ಟು ಗಾಳಿಯನ್ನು ತಾಜಾ ಮಾಡುತ್ತದೆಂದು ಮಾರುವ ಚಿಕ್ಕ ಪೆಟ್ಟಿಗೆಗಳ ಬಗ್ಗೆ ಎಚ್ಚರವಿರಲಿ. ಓಜೋನ್ ಶ್ವಾಸಕೋಶವನ್ನು ಕೆರಳಿಸುವ ಅನಿಲ. ಉಬ್ಬಸದ ಮಗುವಿರುವ ಮನೆಗೆ ಅದು ಸಲ್ಲದು. ಪತ್ರ ಬರೆದ ಮನೆಯವರೇ ಮೊದಲು ಅಂಥದ್ದೊಂದನ್ನು ಅಂಗಡಿಯವನ ಮಾತು ಕೇಳಿ ತಂದಿದ್ದರಂತೆ. ಒಂದು ವಾರ ಕೋಣೆಯೆಲ್ಲ ಚುರುಕು ವಾಸನೆ, ಮಗುವಿನ ಕೆಮ್ಮು ಮಾತ್ರ ಹಾಗೇ.

ಗಾತ್ರದ ಲೆಕ್ಕ

ಯಂತ್ರದ ಡಬ್ಬಿಯ ಮೇಲೆ ಸಿ.ಎ.ಡಿ.ಆರ್. ಎಂಬ ಅಂಕಿ ಇರುತ್ತದೆ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆಂಬ ಲೆಕ್ಕ ಅದು. ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರವಿದ್ದರೆ ಒಳಗಿನ ಗಾಳಿ 1,080 ಘನ ಅಡಿ. ಸೇದುವ ಕೋಣೆಯ ಗಾಳಿ ಗಂಟೆಗೆ ಹತ್ತು ಬಾರಿಯಾದರೂ ಸೋಸಬೇಕೆಂದರೆ 10,800 ಘನ ಅಡಿ, ಅಂದರೆ ಸುಮಾರು 306 ಘನ ಮೀಟರ್ ಬೇಕು. 300ಕ್ಕಿಂತ ಕಡಿಮೆಯ ಯಂತ್ರ ಆ ಕೋಣೆಗೆ ಸಾಲದು. ಈ ಅಂಕಿ ಫ್ಯಾನಿನ ಅತಿ ಜೋರಿನ ವೇಗದ್ದು. ಸದ್ದಾಗುತ್ತದೆಂದು ಮೆಲ್ಲಗಿಟ್ಟರೆ ಲೆಕ್ಕ ಕೆಡುತ್ತದೆ.

ಇಷ್ಟು ಬಲದ ಯಂತ್ರವಿದ್ದರೂ ಚುಟ್ಟಾ ಆರಿದ ಮೇಲೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಕಣ ಹೋಗಲು ಸುಮಾರು 28 ನಿಮಿಷ ಬೇಕು. ಯಂತ್ರವಿಲ್ಲದೆ, ಎರಡು ಗಂಟೆಗೊಮ್ಮೆ ಗಾಳಿ ಬದಲಾಗುವ ಮುಚ್ಚಿದ ಕೋಣೆಯಲ್ಲಿ ಅದಕ್ಕೆ ಒಂಬತ್ತು ಗಂಟೆ ಹಿಡಿಯುತ್ತದೆ. ಚುಟ್ಟಾ ಉರಿಯುತ್ತಿರುವಾಗಲಂತೂ ಯಾವ ಯಂತ್ರವೂ ಹೊಗೆಯನ್ನು ಗೆಲ್ಲಲಾರದು.

ಮನೆಯಲ್ಲೇ ಮಾಡಿಕೊಳ್ಳುವ ಬಗೆ

2020ರಲ್ಲಿ ಕೊರೋನಾ ಕಾಲದಲ್ಲಿ ಅಮೆರಿಕದ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಾಲ್ ಎಂಬವರು ಅಗ್ಗದ ಪೆಟ್ಟಿಗೆಯೊಂದನ್ನು ರೂಪಿಸಿದರು. ಅದರ ತತ್ವ ಸುಲಭ. ಚೌಕ ಪೆಟ್ಟಿಗೆಯ ನಾಲ್ಕು ಬದಿಗೆ ನಾಲ್ಕು ಮಡಿಕೆಯ ಫಿಲ್ಟರ್, ಕೆಳಗೆ ಗಟ್ಟಿ ರಟ್ಟು, ಮೇಲೆ ಫ್ಯಾನು. ಫ್ಯಾನು ಗಾಳಿಯನ್ನು ಮೇಲಕ್ಕೆ ಊದಬೇಕು. ಆಗ ಬದಿಗಳಿಂದ ಗಾಳಿ ಸೋಸಿಕೊಂಡು ಒಳಬರುತ್ತದೆ. ನಮ್ಮಲ್ಲಿ ಬಡಗಿಯಿಂದ ಪ್ಲೈವುಡ್ ಚೌಕಟ್ಟು ಮಾಡಿಸಿ, ಎಕ್ಸಾಸ್ಟ್ ಫ್ಯಾನು ಕೂರಿಸಿ ಇದನ್ನು ಮಾಡಿಕೊಳ್ಳಬಹುದು. ಗಮನಿಸಬೇಕಾದವು ಇವು:

1. ಫಿಲ್ಟರ್ 'ಮರ್ವ್ 13' ದರ್ಜೆಯದೋ ಅದಕ್ಕಿಂತ ಮೇಲಿನದೋ ಇರಲಿ. ಸ್ಪಂಜು, ಸೀರೆಯ ಬಟ್ಟೆ, ಸೊಳ್ಳೆಪರದೆ ಹೊಗೆಯನ್ನು ಹಿಡಿಯುವುದಿಲ್ಲ.
2. ಎಲ್ಲ ಸಂದುಗಳನ್ನೂ ಅಗಲದ ಟೇಪಿನಿಂದ ಮುಚ್ಚಿ. ಬಿರುಕಿದ್ದರೆ ಗಾಳಿ ಸೋಸದೆ ಅಲ್ಲಿಂದಲೇ ನುಗ್ಗುತ್ತದೆ.
3. ಫಿಲ್ಟರ್ ಕಂದುಬಣ್ಣಕ್ಕೆ ತಿರುಗಿ ಗಾಳಿ ಕಡಿಮೆಯಾದರೆ ಬದಲಿಸಿ. ತೊಳೆಯಬೇಡಿ, ನೀರು ತಾಗಿದರೆ ಅದು ಕೆಡುತ್ತದೆ.
4. ಕಟ್ಟಿಕೊಂಡ ಫಿಲ್ಟರಿನಿಂದ ಮೋಟಾರು ಬಿಸಿಯಾಗುತ್ತದೆ. ಆಗಾಗ ಮುಟ್ಟಿ ನೋಡಿ. ಮನೆಯಲ್ಲಿ ಯಾರೂ ಇಲ್ಲದಾಗ ಓಡಿಸಬೇಡಿ.

ಇದೂ ಕಣಗಳನ್ನು ಮಾತ್ರ ಹಿಡಿಯುತ್ತದೆ. ಅನಿಲಕ್ಕೆ ಇಲ್ಲೂ ಉಪಾಯವಿಲ್ಲ.

ಹೊಗೆಯನ್ನು ಹೊರಗೆ ಕಳಿಸುವುದೇ ಮೇಲು

ಹುಣಸೂರು, ಪಿರಿಯಾಪಟ್ಟಣದ ಕಡೆಯ ನಮ್ಮ ಓದುಗರಿಗೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಗೊತ್ತು. ಒಲೆಯ ಬಿಸಿ ಕೊಳವೆಗಳ ಮೂಲಕ ಎಲೆಗೆ ತಾಗುತ್ತದೆ, ಹೊಗೆ ಮಾತ್ರ ಕೊಳವೆಯಲ್ಲೇ ಸಾಗಿ ಹೊರಗೆ ಹೋಗುತ್ತದೆ. ಕೊಳವೆ ಒಡೆದು ಹೊಗೆ ಒಳಗೆ ಬಂದರೆ ಎಲೆ ಕೆಡುವುದೆಂದು ರಾತ್ರಿಯಿಡೀ ಕಾಯುತ್ತೇವೆ. ಕಂಬಂ ಕಣಿವೆಯ ಮೇಲಿನ ಬೆಟ್ಟಗಳಲ್ಲಿ ಏಲಕ್ಕಿ ಒಣಗಿಸುವ ಸೌದೆಯ ಗೂಡುಗಳ ಕ್ರಮವೂ ಇದೇ. ಎಲೆಗೂ ಏಲಕ್ಕಿಗೂ ತೋರುವ ಈ ಎಚ್ಚರವನ್ನು ಮಗುವಿನ ಎದೆಗೂ ತೋರಬೇಕು.

ಕಾನೂನೂ ಇದನ್ನೇ ಹೇಳುತ್ತದೆ. ತಂಬಾಕು ಉತ್ಪನ್ನಗಳ ಕಾಯ್ದೆ ಬಂದದ್ದು 2003ರಲ್ಲಿ. ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ತಡೆಯುವ ಅದರ ಪರಿಷ್ಕೃತ ನಿಯಮಗಳು ಜಾರಿಯಾದದ್ದು 2008ರ ಅಕ್ಟೋಬರ್ 2ರಂದು. ದೊಡ್ಡ ಹೋಟೆಲು, ವಿಮಾನ ನಿಲ್ದಾಣಗಳ ಸೇದುವ ಕೋಣೆ ಹೇಗಿರಬೇಕೆಂದು ಆ ನಿಯಮಗಳು ವಿವರಿಸಿದವು: ನಾಲ್ಕೂ ಕಡೆ ಪೂರ್ತಿ ಎತ್ತರದ ಗೋಡೆ, ತಾನಾಗಿ ಮುಚ್ಚುವ ಬಾಗಿಲು, ಗಾಳಿ ನೇರವಾಗಿ ಹೊರಗೆ ಹೋಗುವ ಏರ್ಪಾಟು, ಮತ್ತು ಒಳಗಿನ ಗಾಳಿಯ ಒತ್ತಡ ಪಕ್ಕದ ಕೋಣೆಗಿಂತ ಕಡಿಮೆ. ಮನೆಗೆ ಈ ನಿಯಮ ಅನ್ವಯಿಸದು, ಪಾಠ ಅನ್ವಯಿಸುತ್ತದೆ.

ಹಿರಿಯರು ಒಳಗೇ ಸೇದಬೇಕಾದ ಅನಿವಾರ್ಯವಿದ್ದರೆ ಮೂಲೆಯ ಒಂದು ಕೋಣೆಯನ್ನು ಬಿಟ್ಟುಕೊಟ್ಟು ಅದಕ್ಕೆ ಎಕ್ಸಾಸ್ಟ್ ಫ್ಯಾನು ಹಾಕಿ. ಗಾಳಿ ಬಡಿಯುವ ಗೋಡೆಗೆ ಹಾಕಿದರೆ ಹೊಗೆ ಹಿಂದಕ್ಕೆ ಬರುತ್ತದೆ. ಮರೆಯ ಗೋಡೆಗೆ ಹಾಕಬೇಕು. ಬಾಗಿಲ ಕೆಳಗೆ ಒಂದಂಗುಲ ಸಂದು ಬಿಡಿ. ಒಳಬರುವ ಗಾಳಿಯಿಲ್ಲದೆ ಹೊರಹೋಗುವ ಗಾಳಿಯಿಲ್ಲ. ಬಳಿಕ ಬಾಗಿಲು ಮುಚ್ಚಿ, ಹೊರಗಡೆ ಆ ಸಂದಿನ ಬಳಿ ಊದುಬತ್ತಿ ಹಿಡಿಯಿರಿ. ಬತ್ತಿಯ ಹೊಗೆ ಕೋಣೆಯೊಳಕ್ಕೆ ಎಳೆದುಕೊಂಡು ಹೋದರೆ ಸರಿ; ಹೊರಕ್ಕೆ ತಳ್ಳಿದರೆ ಕೆಲಸ ಕೆಟ್ಟಿದೆ. ಒಂದು ಎಚ್ಚರಿಕೆ: ಪಕ್ಕದಲ್ಲೇ ಸೌದೆ ಒಲೆಯ ಅಡುಗೆಮನೆಯಿದ್ದರೆ ಬಲವಾದ ಫ್ಯಾನು ಒಲೆಯ ಹೊಗೆಯನ್ನು ಮನೆಯೊಳಕ್ಕೆ ಎಳೆದೀತು. ಅಡುಗೆಮನೆಯ ಕಿಟಕಿ ತೆರೆದಿರಲಿ.

ಯಂತ್ರ ಕೊಂಡೇ ಕೊಳ್ಳುವುದಾದರೆ ಅದನ್ನು ಸೇದುವ ಕೋಣೆಗಿಂತ ಮಗು ಮಲಗುವ ಕೋಣೆಯಲ್ಲಿ ಇಡುವುದು ಲೇಸು. ಅಲ್ಲಿ ಅದಕ್ಕೆ ಗೆಲ್ಲಬಹುದಾದಷ್ಟೇ ಹೊಗೆ ಇರುತ್ತದೆ. ಆದರೂ 2006ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಹೇಳಿದ್ದು ನೆನಪಿರಲಿ: ಕೋಣೆ ಬೇರೆ ಮಾಡುವುದಾಗಲಿ, ಗಾಳಿ ಸೋಸುವುದಾಗಲಿ, ಗಾಳಿ ಆಡಿಸುವುದಾಗಲಿ ಈ ಹೊಗೆಯ ಹಾನಿಯನ್ನು ಪೂರ್ತಿ ತಪ್ಪಿಸಲಾರದು.

ಆ ಮನೆಯಲ್ಲಿ ಏನಾಯಿತು?

ಮಧುರೈ ಕಡೆ ಹೋಗಿದ್ದಾಗ ನಾವು ಆ ಮನೆಯನ್ನು ಕಂಡು ಬಂದೆವು. ಗಾಳಿ ಬರುವುದು ನೈಋತ್ಯದಿಂದ. ಜಗುಲಿ ಇರುವುದು ಪಶ್ಚಿಮಕ್ಕೆ. ಹಿತ್ತಲಿನ ಪೂರ್ವದ ಗೋಡೆಗೆ ಗಾಳಿ ತಾಗುವುದೇ ಇಲ್ಲ. ಅಲ್ಲಿ ಶೀಟಿನ ಮಾಡು ಇಳಿಸಿ, ಪಕ್ಕಕ್ಕೊಂದು ಮೋಟು ಗೋಡೆ ಎಬ್ಬಿಸಿ, ಹಗ್ಗದ ಮಂಚ ಹಾಕಿದರೆ ಹೇಗೆ ಎಂದೆವು. ಮಗುವಿನ ಕೋಣೆಯ ಕಿಟಕಿ ಆ ಕಡೆ ಇರಲಿಲ್ಲ. ಯಜಮಾನರೂ ಒಪ್ಪಿದರು. ಯಂತ್ರಕ್ಕೆಂದು ಇಟ್ಟ ದುಡ್ಡಿನಲ್ಲೇ ಕೆಲಸ ಮುಗಿದು ಸ್ವಲ್ಪ ಉಳಿಯಿತು. ಮುಂದಿನ ಕೋಣೆಯ ಗೋಡೆಗೆ ಸುಣ್ಣ ಹೊಡೆಸಿ, ಕಂಬಳಿಗಳನ್ನು ಒಗೆಸಿದರು.

ಹಿರಿಯರಿಗೆ ಮಾತನ್ನು ಮುಟ್ಟಿಸಿದ್ದು ಸೊಸೆಯಲ್ಲ, ಮಗನೂ ಅಲ್ಲ. ಮಗುವನ್ನು ನೋಡುವ ವೈದ್ಯರು. ಈ ಸಲ ತಾತನನ್ನೇ ಜೊತೆಗೆ ಕಳುಹಿಸಿದ್ದರು. ವೈದ್ಯರು ಮೊಮ್ಮಗನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಅವರ ಕಿವಿಗೂ ಕೇಳಿಸಿದರಂತೆ. ಅಂದಿನಿಂದ ಅವರು ಒಳಗೆ ಸೇದಿಲ್ಲ. ಈ ಗಾಳಿಕಾಲದಲ್ಲಿ ಮಗುವಿಗೆ ಆಸ್ಪತ್ರೆಯ ದಾರಿ ಕಡಿಮೆಯಾಗಿದೆ ಎಂದು ತಾಯಿ ಬರೆದಿದ್ದಾರೆ. ಹೊಗೆ ನಿಂತದ್ದೊಂದೇ ಕಾರಣವೆಂದು ನಾವು ಹೇಳಲಾರೆವು, ಮದ್ದೂ ನಡೆಯುತ್ತಿದೆ.

ಚುಟ್ಟಾ ಪೂರ್ತಿ ಬಿಟ್ಟರೆ ಹಿರಿಯರಿಗೂ ಒಳಿತು. ಬಿಡಲು ಮನಸ್ಸಿರುವವರು ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಮೂಲಕ ಕನ್ನಡದಲ್ಲೂ ತಮಿಳಿನಲ್ಲೂ ಸಲಹೆ ಸಿಗುತ್ತದೆ. ಯಂತ್ರದ ಅಂಗಡಿಗೆ ಹೋಗುವ ಮೊದಲು ಮನೆಯ ಸುತ್ತ ಒಮ್ಮೆ ನಡೆದು, ಗಾಳಿ ತಾಗದ ಗೋಡೆ ಯಾವುದೆಂದು ನೋಡಿಕೊಳ್ಳಿ.