ಕರುವಿಗೆ ಹಾಲು ಬಿಡಿಸುವ ಹದ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಹೆಸರು ಈಗ ಕೈಗಾರಿಕಾ ಪ್ರದೇಶದಿಂದಾಗಿ ಹೆಚ್ಚು ಕೇಳಿಬರುತ್ತದೆ. ಆದರೆ ಈ ಸೀಮೆಯಲ್ಲಿ ಮಳೆ ಕೈಕೊಟ್ಟು ರಾಗಿ, ಮುಸುಕಿನ ಜೋಳ ಒಣಗಿದ ವರ್ಷವೂ ಎಷ್ಟೋ ಮನೆಗಳನ್ನು ನಡೆಸುವುದು ಡೇರಿಯ ಬಟವಾಡೆ. ದುಡ್ಡಿದ್ದರೆ ಕರೆಯುವ ಸೀಮೆಹಸುವನ್ನು ಕೊಂಡು ತರಬಹುದು. ಅಂಥದ್ದನ್ನು ಕೊಟ್ಟಿಗೆಯಲ್ಲೇ ಬೆಳೆಸುವುದು ಬಲು ನಾಜೂಕಿನ ಕೆಲಸ, ಅದರಲ್ಲೂ ಹೆಣ್ಣುಗರುವಿಗೆ ಹಾಲು ಬಿಡಿಸುವ ವಾರಗಳು. ಬಹುಪಾಲು ಹೆಂಗಸರೇ ಮಾಡುವ ಈ ಕೆಲಸಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದೇ ನನ್ನ ಎಣಿಕೆ.

ಹುಟ್ಟಿದ ಕರುವಿಗೆ ಮೆಲುಕು ಹಾಕಲು ಬಾರದು. ಹೊಟ್ಟೆಗೆ ನಾಲ್ಕು ಕೋಣೆಗಳಿದ್ದರೂ ಆಗ ದುಡಿಯುವುದು ಕೊನೆಯದೊಂದೇ. ಕರು ಹಾಲು ಚೀಪಿದೊಡನೆ ಅನ್ನನಾಳದ ತುದಿಯ ಮಡಿಕೆಯೊಂದು ಕೂಡಿಕೊಂಡು ಕೊಳವೆಯಾಗುತ್ತದೆ. ಹಾಲು ಮೊದಲಿನ ಕೋಣೆಗಳನ್ನು ಮುಟ್ಟದೆ ನೇರ ಕೆಳಗಿಳಿಯುತ್ತದೆ. ಹುಲ್ಲು ಅರಗಿಸಬೇಕಾದ ದೊಡ್ಡ ಹೊಟ್ಟೆ ಇನ್ನೂ ಎಳೆಯದು. ಅದನ್ನು ಸಿದ್ಧಮಾಡದೆ ಹಾಲು ನಿಲ್ಲಿಸಿದರೆ ಮುಂದೆ ಹುಲ್ಲಿನ ರಾಶಿಯೇ ಇದ್ದರೂ ಕರು ಸೊರಗುತ್ತದೆ, ಹೊಟ್ಟೆ ಮಾತ್ರ ಡೊಳ್ಳಾಗುತ್ತದೆ.

ಹಾಗಾದರೆ ಬೇಗ ಹುಲ್ಲು ಹಾಕಿದರಾಯಿತಲ್ಲ ಎಂದು ತೋಚುವುದು ಸಹಜ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ತೆಗೆದ, ಆರು ವಾರದ ಕರುಗಳ ದೊಡ್ಡ ಹೊಟ್ಟೆಯ ಒಳಗೋಡೆಯ ಚಿತ್ರಗಳು ಬೇರೆಯೇ ಹೇಳುತ್ತವೆ. ಬರೀ ಹಾಲು ಕುಡಿದ ಕರುವಿನ ಗೋಡೆ ಬಿಳಿಚಿಕೊಂಡು ನುಣುಪಾಗಿದೆ. ಹಾಲಿನ ಜೊತೆ ಒಣಹುಲ್ಲು ತಿಂದದ್ದರ ಗೋಡೆಯೂ ಹೆಚ್ಚುಕಡಿಮೆ ಬೋಳು. ಹಾಲಿನ ಜೊತೆ ಕಾಳು ತಿಂದ ಕರುವಿನದು ಕಂದುಬಣ್ಣಕ್ಕೆ ತಿರುಗಿ, ಟರ್ಕಿ ಟವೆಲ್ಲಿನ ಹಾಗೆ ಒತ್ತೊತ್ತಾಗಿ ಎಳೆ ಬಿಟ್ಟಿದೆ. ಕಾಳು ಒಳಗೆ ಹುದುಗಿದಾಗ ಹುಟ್ಟುವ ಆಮ್ಲಗಳು, ಮುಖ್ಯವಾಗಿ ಬ್ಯುಟಿರಿಕ್ ಆಮ್ಲ, ಈ ಎಳೆಗಳನ್ನು ಬೆಳೆಸುತ್ತವೆ. ಮೇವಿನ ಸಾರ ರಕ್ತಕ್ಕಿಳಿಯುವುದು ಅವುಗಳ ಮೂಲಕವೇ. ಹುಲ್ಲು ಬೇಕು, ಅದು ಹೊಟ್ಟೆಯನ್ನು ಹಿಗ್ಗಿಸಿ ಬಲಪಡಿಸುತ್ತದೆ. ಆದರೆ ಕಾಳಿನ ಕೆಲಸವನ್ನು ಅದು ಮಾಡದು.

ಇದಕ್ಕೇ ಬಲ್ಲವರು ಎರಡನೇ ವಾರದಿಂದಲೇ, ಹಾಲು ಕುಡಿಸಿದ ಬೆನ್ನಿಗೆ, ಚಿಟಿಕೆ ಕರು ಆಹಾರವನ್ನು ಬಾಯಿಗೆ ಸವರುತ್ತಾರೆ. ಜೋಳದ ನುಚ್ಚು, ಕಡಲೆಕಾಯಿ ಹಿಂಡಿ, ಬೂಸಾ, ಖನಿಜ ಮಿಶ್ರಣ, ಚೂರು ಉಪ್ಪು. ಒಟ್ಟಿನಲ್ಲಿ ಪ್ರೋಟೀನು ನೂರಕ್ಕೆ 20ರಷ್ಟಿರಬೇಕು. ಪಕ್ಕದಲ್ಲಿ ಸದಾ ಶುದ್ಧ ನೀರು. ನೀರು ಕೊಟ್ಟರೆ ಭೇದಿಯಾದೀತೆಂದು ತಡೆಯುವವರುಂಟು. ಹಾಲು ದೊಡ್ಡ ಹೊಟ್ಟೆಗೆ ಹೋಗುವುದೇ ಇಲ್ಲವಾದ್ದರಿಂದ, ಕಾಳು ಅಲ್ಲಿ ಹುದುಗಲು ಬೇರೆ ನೀರೇ ಬೇಕು. ಜಂತುಹುಳುವಿನ ಔಷಧಿಯನ್ನೂ ಪಶುವೈದ್ಯರನ್ನು ಕೇಳಿ ಎರಡನೇ ವಾರದ ಹೊತ್ತಿಗೇ ಶುರುಮಾಡುವುದು ಒಳ್ಳೆಯದು.

ಹಾಲು ಯಾವಾಗ ಬಿಡಿಸಬೇಕು? ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳೊಳಗೆ. ಆದರೆ ನುರಿತ ಕಣ್ಣು ನೋಡುವುದು ತಿಂಗಳನ್ನಲ್ಲ, ಬಾನಿಯನ್ನು. ದಿನಕ್ಕೆ ಸುಮಾರು ಒಂದು ಕಿಲೋ ಆಹಾರವನ್ನು ಮೂರು ದಿನ ಬಿಡದೆ ತಿಂದರೆ ಕರು ಸಿದ್ಧ. ಆಗಲೂ ಒಮ್ಮೆಲೇ ನಿಲ್ಲಿಸುವುದಿಲ್ಲ. ಎರಡು ಹೊತ್ತಿನ ಹಾಲು ಒಂದು ಹೊತ್ತಿಗಿಳಿಯುತ್ತದೆ, ಆಮೇಲೆ ಅದರ ಅಳತೆಯೂ ತಗ್ಗುತ್ತದೆ. ಹಾಲು ಕಡಿಮೆಯಾದಷ್ಟೂ ಕರು ಬಾನಿಗೆ ಬಾಯಿ ಹಾಕುತ್ತದೆ. ಅದೇ ವಾರ ಕೊಂಬು ಸುಡುವುದು, ಜಾಗ ಬದಲಿಸುವುದು, ಲಸಿಕೆ ಹಾಕಿಸುವುದು ಬೇಡ. ಒಂದು ಸಂಕಟದ ಮೇಲೆ ಇನ್ನೊಂದನ್ನು ಹೇರಿದರೆ ಎಳೆಯ ಜೀವ ತಡೆಯದು.

ಬೆಳವಣಿಗೆಯನ್ನು ಅಳೆಯಲು ತಕ್ಕಡಿ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ 36 ಇಂಚು, ಭುಜದ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗೆ ಉದ್ದ 30 ಇಂಚು ಎನ್ನಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರು 59 ಕಿಲೋ. ದಿನಕ್ಕೆ ಅರ್ಧ ಕಿಲೋ ಏರಿದರೆ ಒಳ್ಳೆಯ ಬೆಳವಣಿಗೆ. ಹಾಲು ಬಿಡಿಸಿದ ಮೇಲೆ ಟೇಪು ಎರಡು ವಾರ ಒಂದೇ ಅಂಕಿಯಲ್ಲಿ ನಿಂತರೆ, ಬಾನಿಯಲ್ಲಿ ಆಹಾರ ಉಳಿದರೆ, ಬಲ್ಲವರು ಒಂದು ಹೊತ್ತಿನ ಹಾಲನ್ನು ಮತ್ತೆ ಶುರುಮಾಡುತ್ತಾರೆ, ಡೇರಿಯ ಲೆಕ್ಕದಲ್ಲಿ ಅಷ್ಟು ಕಡಿಮೆಯಾದರೂ.