‘ಆರ್‌ಎಂಪಿ’ ಎಂಬ ಮೂರಕ್ಷರ: ಅನರ್ಹ ವೈದ್ಯರಿಗೆ ಶಿಕ್ಷೆಯ ರಿಯಾಯಿತಿ ಎಲ್ಲಿಯವರೆಗೆ?

ಆದೋನಿ, ಕೌತಾಳಂ, ಹೊಳಗುಂದ, ಆಲೂರು ಸೀಮೆಯ ಹಳ್ಳಿಗಳಲ್ಲಿ ನಡುರಾತ್ರಿ ಮಗುವಿಗೆ ಜ್ವರ ಏರಿದರೆ ಮೊದಲು ನೆನಪಾಗುವವರು ಊರಿನ ‘ಆರ್‌ಎಂಪಿ ಡಾಕ್ಟರು’. ಕರೆದ ಕೂಡಲೇ ಬರುತ್ತಾರೆ. ಹಣ ಸುಗ್ಗಿಯ ನಂತರ ಕೊಟ್ಟರೂ ನಡೆಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಮನೆಮಾತಾದ ಕನ್ನಡದಲ್ಲಿಯೇ ವಿಚಾರಿಸುತ್ತಾರೆ. ಕರ್ನೂಲಿನ ದೊಡ್ಡಾಸ್ಪತ್ರೆ ಆದೋನಿಯಿಂದ ಸುಮಾರು 100 ಕಿ.ಮೀ. ದೂರ. ಹೀಗಿರುವಾಗ ಅನರ್ಹ ವೈದ್ಯನ ಮೇಲೆ ಪ್ರಕರಣ ದಾಖಲಾದರೆ ಊರಿನವರೇ ಅವನ ಪರ ನಿಲ್ಲುವುದು ಸಹಜ. ಆದರೆ ಶಿಕ್ಷೆಯ ರಿಯಾಯಿತಿ ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲಬೇಕು ಎಂಬುದನ್ನು ಪಾಲಕರು ತಿಳಿದಿರುವುದು ಒಳಿತು.

ಮೊದಲ ಕಾರಣ ಕಾನೂನಿನಲ್ಲಿಯೇ ಇದೆ. 1956ರ ಭಾರತೀಯ ವೈದ್ಯಕೀಯ ಪರಿಷತ್ತಿನ ಕಾಯ್ದೆಯಡಿ ನೋಂದಣಿಯಿಲ್ಲದೆ ಅಲೋಪಥಿ ಚಿಕಿತ್ಸೆ ನೀಡಿದವರಿಗೆ ಗರಿಷ್ಠ ಒಂದು ವರ್ಷ ಸೆರೆವಾಸ, ಅಥವಾ 1,000 ರೂಪಾಯಿ ದಂಡ, ಅಥವಾ ಎರಡೂ ಇದ್ದವು. ಅದರ ಸ್ಥಾನದಲ್ಲಿ ಬಂದ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 34ನೇ ಕಲಂ ದಂಡದ ಮಿತಿಯನ್ನು 5 ಲಕ್ಷ ರೂಪಾಯಿಗೆ ಏರಿಸಿತು. ಸೆರೆವಾಸದ ಮಿತಿ ಮಾತ್ರ ಒಂದು ವರ್ಷವೇ ಉಳಿಯಿತು. ‘ಅಥವಾ’ ಎಂಬ ಪದವೂ ಉಳಿಯಿತು. ಆದ್ದರಿಂದ ದಂಡವನ್ನಷ್ಟೇ ವಿಧಿಸಿ ಬಿಡುವುದು ಇಂದಿಗೂ ಸಾಧ್ಯ.

ಎರಡನೆಯ ಕಾರಣ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಎರಡು ವರ್ಷ ಮೀರದ ಶಿಕ್ಷೆಯ ಅಪರಾಧವಾಗಿದ್ದು, ಆರೋಪಿಗೆ ಹಿಂದೆ ಶಿಕ್ಷೆಯಾಗಿರದಿದ್ದರೆ, ನ್ಯಾಯಾಲಯ ಎಚ್ಚರಿಕೆ ನೀಡಿ ಬಿಡಬಹುದು. ಇಲ್ಲವೇ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಮೊದಲ ಬಾರಿ ತಪ್ಪಿದವನನ್ನು ಸೆರೆಮನೆ ಇನ್ನಷ್ಟು ಕೆಡಿಸಬಾರದೆಂಬುದು ಈ ಕಾಯ್ದೆಯ ಸದಾಶಯ. ಅದನ್ನು ಹಳಿಯಬೇಕಾಗಿಲ್ಲ. ಆದರೆ ಇದೇ ಕಾಯ್ದೆಯ 5ನೇ ಕಲಂ, ಹಾಗೆ ಬಿಡುಗಡೆ ಮಾಡುವಾಗಲೂ ನೊಂದವರಿಗೆ ಪರಿಹಾರ ಕೊಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ನೀಡಿದೆ. ದಯೆ ಅಪರಾಧಿಗೊಬ್ಬನಿಗೇ ಮೀಸಲಲ್ಲ.

ರೋಗಿ ಸತ್ತಾಗ ಲೆಕ್ಕ ಬೇರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ, ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಐದು ವರ್ಷದವರೆಗೆ ಸೆರೆವಾಸ ಹೇಳುತ್ತದೆ; ವೈದ್ಯಕೀಯ ಕ್ರಿಯೆ ನಡೆಸುತ್ತಿದ್ದ ನೋಂದಾಯಿತ ವೈದ್ಯನಿಗೆ ಮಾತ್ರ ಆ ಮಿತಿ ಎರಡು ವರ್ಷ. ‘ಆರ್‌ಎಂಪಿ’ ಎಂಬ ಮೂರಕ್ಷರಗಳ ನಿಜಾರ್ಥ ‘ನೋಂದಾಯಿತ ವೈದ್ಯ’ ಎಂದೇ. ಫಲಕದಲ್ಲಿ ಅದನ್ನು ಬರೆಸಿಕೊಂಡ ಮಾತ್ರಕ್ಕೆ ಈ ರಿಯಾಯಿತಿ ಸಿಗದು. ಮಾನ್ಯ ಪದವಿ ಇರಬೇಕು, ರಾಷ್ಟ್ರೀಯ ಅಥವಾ ರಾಜ್ಯ ವೈದ್ಯಕೀಯ ನೋಂದಣಿ ಪುಸ್ತಕದಲ್ಲಿ ಹೆಸರಿರಬೇಕು.

ಬೇರೆ ಪದ್ಧತಿಯ ಪದವಿಯೂ ರಕ್ಷೆಯಾಗದು. ಅಲೋಪಥಿ ಔಷಧ ನೀಡಿದ ಹೋಮಿಯೋಪಥಿ ವೈದ್ಯರೊಬ್ಬರ ಪ್ರಕರಣದಲ್ಲಿ, ರೋಗಿ ಮರಣ ಹೊಂದಿದ್ದರಿಂದ, ಸುಪ್ರೀಂ ಕೋರ್ಟ್ 1996ರಲ್ಲಿ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ತನಗೆ ತಿಳಿಯದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವವನು ನಕಲಿ ವೈದ್ಯನೇ ಎಂಬುದು ಆ ತೀರ್ಪಿನ ಸಾರ.

ಹಾಗಾದರೆ ರಿಯಾಯಿತಿ ಯಾರಿಗೆ? ಗಾಯಕ್ಕೆ ಪಟ್ಟಿ ಕಟ್ಟಿ, ‘ಇದು ನನ್ನ ಕೈಯಲ್ಲಾಗದು’ ಎಂದು ಆಸ್ಪತ್ರೆಗೆ ಕಳುಹಿಸಿದವನೂ, ಹೆಸರಿನ ಹಿಂದೆ ‘ಡಾ.’ ಸೇರಿಸಿಕೊಂಡು ಸಲೈನ್ ಏರಿಸಿ, ಒಂದೇ ಸೂಜಿಯಿಂದ ಹತ್ತು ಮಂದಿಗೆ ಚುಚ್ಚಿದವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರಲ್ಲ. ಶಿಕ್ಷೆ ಅಳೆಯುವಾಗ ನೋಡಬೇಕಾದದ್ದು ಆತನ ಮಾತಿನ ಸವಿಯನ್ನಲ್ಲ. ಆತ ಹೇಳಿದ ಸುಳ್ಳನ್ನು ಮತ್ತು ರೋಗಿಗೆ ಒಡ್ಡಿದ ಅಪಾಯವನ್ನು. ನಮ್ಮಲ್ಲಿ ಇದಕ್ಕೆ ಏಕರೂಪದ ಅಳತೆಗೋಲಿಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳೀಮಠರ ನೇತೃತ್ವದ ಸಮಿತಿ 2003ರಲ್ಲಿಯೇ ಶಿಕ್ಷೆಯ ಮಾರ್ಗಸೂಚಿ ರೂಪಿಸಬೇಕೆಂದು ಶಿಫಾರಸು ಮಾಡಿತ್ತು.

ಊರ ಡಾಕ್ಟರು ಕೆಟ್ಟವರೆಂದು ಇದರ ಅರ್ಥವಲ್ಲ. ಅವರು ತುಂಬುತ್ತಿರುವುದು ಸರ್ಕಾರ ಬಿಟ್ಟ ಖಾಲಿ ಜಾಗವನ್ನು. ಕನ್ನಡ ಬಲ್ಲ ದಾದಿ, ಕನ್ನಡದಲ್ಲೂ ಬರೆದ ಫಲಕ ಆಸ್ಪತ್ರೆಯಲ್ಲಿದ್ದರೆ ಎಷ್ಟೋ ತಾಯಂದಿರ ಅಳುಕು ಅರ್ಧ ಕರಗೀತು. ಆದರೆ ವ್ಯವಸ್ಥೆಯ ಕೊರತೆಗೆ ಮಗುವಿನ ದೇಹ ತೆರಿಗೆ ಕಟ್ಟಬಾರದು.

ಪಾಲಕರು ಇಷ್ಟನ್ನು ನೆನಪಿಡಬೇಕು. ಔಷಧ ಚೀಟಿಯ ಮೇಲೆ ವೈದ್ಯರ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ. ಹೊಸ ಸೂಜಿಯನ್ನು ನಿಮ್ಮೆದುರೇ ಬಿಚ್ಚುವಂತೆ ಕೇಳಿ. ತುರ್ತಿದ್ದರೆ 108ಕ್ಕೆ ಕರೆ ಮಾಡಿ. ತೊಂದರೆಯಾದಲ್ಲಿ ಚೀಟಿ, ಔಷಧದ ಬಾಟಲಿ ಎಸೆಯದಿರಿ. ಜಿಲ್ಲಾ ವೈದ್ಯಕೀಯ ಮತ್ತು ಆರೋಗ್ಯಾಧಿಕಾರಿಗೂ ಪೊಲೀಸರಿಗೂ ಬೇಗನೆ ದೂರು ಕೊಡಿ. ಒಂದು ವರ್ಷದ ಶಿಕ್ಷೆಯ ಅಪರಾಧವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಲು ಕಾಲಮಿತಿಯೂ ಸಾಮಾನ್ಯವಾಗಿ ಒಂದೇ ವರ್ಷ.

ತೆಲುಗಿನಲ್ಲಿ ಬರೆಯಲು ಬಾರದೆಂದು ಹಿಂಜರಿಯಬೇಕಾಗಿಲ್ಲ. ನಮ್ಮ ಮಕ್ಕಳಿಗೆ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ಆಸರೆಯಾಗಿರುವುದು ಸಂವಿಧಾನದ 350ಎ ವಿಧಿ. ಅದರ ಹಿಂದಿನ 350ನೇ ವಿಧಿಯೇ, ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಯಾವ ಅಧಿಕಾರಿಗಾದರೂ ಸಲ್ಲಿಸುವ ಹಕ್ಕನ್ನು ನೀಡಿದೆ. ಕನ್ನಡದಲ್ಲಿಯೇ ಬರೆಯಿರಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಿ.